ಕೊಟ್ಟೂರಿನಲ್ಲಿ ನೋಡಿದ ದೇವರಿಲ್ಲದ ಪಿಕ್ಚರು

ಆ ಪಿಕ್ಚರಿನಲ್ಲಿ ಏನೂ ಇರಲಿಲ್ಲ. ಇಬ್ಬರು ಗೆಳೆಯರು ಬಸ್ಸಿಳಿದು ಅಡವಿಗೆ ಹೋಗುತ್ತಾರೆ, ದಾರಿ ತಪ್ಪುತ್ತಾರೆ, ನಡೆಯುತ್ತಾರೆ. ಅಷ್ಟೆ. ಹಾಡಿಲ್ಲ, ಹೊಡೆದಾಟವಿಲ್ಲ, ಒಂದು ಹೆಣ್ಣೂ ಅತ್ತಿಂದಿತ್ತ ಸುಳಿಯುವುದಿಲ್ಲ. ಕೊಟ್ಟೂರಿನ ಟಾಕೀಸಿನಲ್ಲಿ ಅವತ್ತು ಮಂದಿ ಬೆಂಚು ಮುರಿಯುವುದೊಂದು ಬಾಕಿ ಇತ್ತು. ಆದರೂ ನಾನು ನೋಡಿದ ಪಿಕ್ಚರುಗಳಲ್ಲಿ ಮೊದಲಿಂದ ಕೊನೆಯವರೆಗೆ ನೆನಪಿರುವುದು ಅದೊಂದೇ. ಚೆನ್ನಾಗಿತ್ತು ಅಂತಲ್ಲ.

ನಾವು ಹೋದದ್ದೂ ಅದನ್ನು ನೋಡಲು ಅಲ್ಲ. ನನ್ನ ಗೆಳತಿಯ ಮೈದುನನ ಮದುವೆ ಗೊತ್ತಾಗಿತ್ತು. ಬಟ್ಟೆ ತೆಗೆಯಲು ಅವಳೂ ಅವಳ ಅತ್ತೆಯೂ ಕೊಟ್ಟೂರಿಗೆ ಹೊರಟರು, ನನ್ನನ್ನೂ ಕರೆದರು. ನಮ್ಮದು ಹೊಸಹಳ್ಳಿ ಕಡೆಯ ಊರು. ಒಂದೇ ಓಣಿ, ನನ್ನ ಮನೆಯ ಗೋಡೆಗೆ ಅವಳ ಮನೆಯ ಗೋಡೆ ಹತ್ತಿದೆ. ಬಟ್ಟೆ ತೆಗೆದಾದ ಮೇಲೆ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಟಾಕೀಸಿನ ಗೋಡೆಗೆ ದೇವರ ಪಿಕ್ಚರಿನ ಪೋಸ್ಟರ್ ಅಂಟಿಸಿದ್ದರು. ಅತ್ತೆ ಮುದುಕಿ ಅದನ್ನು ನೋಡಿ ನಡುರಸ್ತೆಯಲ್ಲೇ ಕೈ ಮುಗಿದಳು.

“ಬಸ್‌ ಸ್ಟ್ಯಾಂಡಿನ್ಯಾಗ ನೊಣ ಹೊಡಕಂತ ಕುಂದ್ರೋದಕ್ಕಿಂತ ದೇವರನ್ನರ ನೋಡಾನ, ನಡೀರಿ,” ಅಂದಳು.

ದೇವರ ಪಿಕ್ಚರಿನ ರೀಲಿನ ಡಬ್ಬಿ ಅವತ್ತು ಬಂದೇ ಇರಲಿಲ್ಲ. ಬೇರೆ ಯಾವುದೋ ಡಬ್ಬಿ ಕೈಗೆ ಸಿಕ್ಕಿತ್ತು, ಅದನ್ನೇ ಹಾಕಿದರು. ಇದು ನಮಗೆ ಆಮೇಲೆ ಗೊತ್ತಾದದ್ದು. ಮುದುಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಹೆಂಗಸರ ಕಡೆ ನೆಲದ ಮೇಲೆ ಕುಳಿತು, ಪರದೆಯ ಮೇಲೆ ಅಕ್ಷರ ಬಂದ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಪ್ಯಾಂಟು ಹಾಕಿದ ಇಬ್ಬರು ಗಂಡಸರು ಬಸ್ಸಿಳಿದರು. ಬಸ್ಸು ಧೂಳೆಬ್ಬಿಸಿ ಹೋಯಿತು. ಧೂಳು ಪೂರಾ ಇಳಿಯುವವರೆಗೂ ಅದನ್ನೇ ತೋರಿಸಿದರು. ಆಮೇಲೆ ಇಬ್ಬರೂ ನಡೆದರು. ಸುತ್ತ ಜಾಲಿ, ಕಲ್ಲುಗುಡ್ಡ, ಒಣಹುಲ್ಲು. ನಮ್ಮ ಕಡೆಯ ಅಡವಿಯ ಹಾಗೆಯೇ ಇತ್ತು. ಒಬ್ಬ “ಇದೇ ದಾರಿ” ಅಂದ. ಇನ್ನೊಬ್ಬ “ಹ್ಞೂಂ” ಅಂದ. ಮತ್ತೆ ನಡೆದರು. ಕಾಲಡಿ ಕಲ್ಲು ಸರಿಯುವ ಸದ್ದು, ಗಾಳಿಯ ಸದ್ದು. ಬೇರೆ ಸದ್ದಿಲ್ಲ.

“ದೇವರ ಯಾವಾಗ ಬರ್ತಾನ?” ಮುದುಕಿ ಕೇಳಿದಳು.

“ತಡೀ ಅತ್ತಿ, ಈಗ ಶುರು ಆಗೇತಿ,” ಅಂದಳು ಗೆಳತಿ.

“ಇವ್ರು ವನವಾಸಕ್ಕ ಹೊಂಟಾರ. ಮುಂದ ಬರ್ತಾನ.” ಮುದುಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗಂಡಸರ ಕಡೆಯಿಂದ ಒಬ್ಬ ಕೂಗಿದ: “ಏ ಆಪರೇಟರ್, ರೀಲು ನಿಂತೈತೇನಲೇ?”

“ರೀಲು ನಿಂತಿಲ್ಲೋ, ಅವ್ರ ನಿಂತಾರ!” ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನನಗೆ ನಗು ಬರಲಿಲ್ಲ. ಆ ಇಬ್ಬರು ಒಂದು ಗುಂಡುಕಲ್ಲಿನ ಪಕ್ಕ ಹಾದು ಹೋದರು. ಬಹಳ ಹೊತ್ತು ನಡೆದ ಮೇಲೆ ಮತ್ತೆ ಅದೇ ಗುಂಡುಕಲ್ಲಿನ ಪಕ್ಕ ಬಂದರು. ಅವರಿಗೆ ಗೊತ್ತಾಗಲಿಲ್ಲ. ಟಾಕೀಸಿನವರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ದಾರಿ ತಪ್ಪಿದವರು ನೆಟ್ಟಗೆ ಹೋಗುತ್ತಿದ್ದೇವೆ ಅಂದುಕೊಂಡೇ ಸುತ್ತುತ್ತಾರೆ. ಮಾತೂ ನಿಲ್ಲುತ್ತದೆ. ಮಾತಾಡಿದರೆ ದಾರಿ ತಪ್ಪಿದ್ದು ಖರೆಯಾಗಿಬಿಡುತ್ತದೆ ಅಂತ ಇಬ್ಬರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಆ ಪಿಕ್ಚರು ತೆಗೆದವನು ಯಾರೋ, ಅವನಿಗೆ ಇದನ್ನು ಯಾರು ಹೇಳಿದರು ಅನ್ನಿಸಿತು. ಪಕ್ಕಕ್ಕೆ ನೋಡಿದೆ. ಗೆಳತಿ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿ ಕುಳಿತಿದ್ದಳು.

ನಾವಿಬ್ಬರೂ ಹಾಗೆ ತಪ್ಪಿದ್ದೆವು. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಅದು ಆ ಪಿಕ್ಚರಿಗಿಂತ ಎಷ್ಟೋ ವರ್ಷ ಮೊದಲಿನ ಮಾತು. ಅವಳು ಸೊಸೆಯಾಗಿ ಬಂದ ಹೊಸತು. ನನಗೆ ಅಷ್ಟರಲ್ಲಿ ಮಕ್ಕಳಾಗಿದ್ದವು. ಸೀತಾಫಲದ ಕಾಲದಲ್ಲಿ ಓಣಿಯ ಹೆಂಗಸರು ಗುಡ್ಡಕ್ಕೆ ಹೋಗಿ ಹಣ್ಣು ಕಿತ್ತು ತಂದು ಕೂಡ್ಲಿಗಿಗೆ ಒಯ್ದು ಮಾರುತ್ತಿದ್ದೆವು. ಗುಡ್ಡದಲ್ಲಿ ಕರಡಿ ಇವೆ, ಅವಕ್ಕೂ ಸೀತಾಫಲ ಅಂದರೆ ಜೀವ. ಅದಕ್ಕೆ ಮಂದಿ ಕೂಡಿ ಹೋಗುವುದು, ಹೊತ್ತಿರುವಾಗಲೇ ಇಳಿಯುವುದು. ಅವತ್ತು ಓಣಿಯಲ್ಲಿ ಏನೋ ಕಾರ್ಯ ಇತ್ತು, ಯಾರೂ ಬರಲಿಲ್ಲ. ನಾವಿಬ್ಬರೇ ಹೋದೆವು. ಕೆಳಗಿನ ಗಿಡಗಳಲ್ಲಿ ಹಣ್ಣು ಮುಗಿದಿತ್ತು. ಮೇಲೆ ಹೋದೆವು, ಅಲ್ಲಿಂದ ಆಚೆ ಇಳಿದೆವು. ಮೋಡ ಕವಿದು ಸೂರ್ಯ ಕಾಣದಾದ. ಬುಟ್ಟಿ ತುಂಬಿಸಿ ತಲೆ ಎತ್ತಿದರೆ ಯಾವ ಕಡೆಯಿಂದ ಬಂದೆವು ಅನ್ನುವುದೇ ತಿಳಿಯಲಿಲ್ಲ.

ಸುತ್ತಿದೆವು. ಬುಟ್ಟಿ ಒಂದು ಕಡೆ ಇಟ್ಟು ಸುತ್ತಿದೆವು, ಮತ್ತೆ ಆ ಬುಟ್ಟಿಯ ಹತ್ತಿರವೇ ಬಂದೆವು. ಹೊತ್ತು ಇಳಿಯಿತು.

“ಯಕ್ಕಾ, ನೀ ಇಲ್ಲೇ ಕುಂದ್ರು,” ಅಂದಳು ಅವಳು. “ನಾ ಆ ಗುಂಡು ಹತ್ತಿ ನೋಡ್ತೀನಿ, ಊರು ಕಂಡ್ರೂ ಕಂಡೀತು.”

ಹೋದವಳು ಬರಲಿಲ್ಲ. ಕಾದೆ. ಮಸುಕಾಯಿತು. ಅವಳನ್ನು ಹುಡುಕಿ ಗುಂಡಿನ ಹಿಂದಕ್ಕೆ ಸುತ್ತಿ ಹೋದೆ, ಅಲ್ಲಿಯೂ ಇಲ್ಲ. ಹೆಸರು ಹಿಡಿದು ಕೂಗಿದೆ. ಗುಡ್ಡ ಆ ಹೆಸರನ್ನು ನನಗೆ ತಿರುಗಿ ಕೊಟ್ಟಿತು. ಇನ್ನೊಂದು ಸಲ ಕೂಗಿದೆ. ಯಾರೂ ಓ ಅನ್ನಲಿಲ್ಲ. ಈ ಕಡೆ ಇಲ್ಲ, ಎಲ್ಲೋ ಕೆಳಗೆ ಇಳಿದಿದ್ದಾಳೆ ಅಂದುಕೊಂಡು ಕೆಳಗೆ ಹೊರಟೆ. ಬಂಡೆಯ ಮೇಲೆ ಕಾಲು ಜಾರಿತು. ಎರಡು ಬಂಡೆಗಳ ಸಂದಿಯಲ್ಲಿ ಬಿದ್ದೆ, ಪಾದದ ಮೇಲಿನ ಎಲುಬು ಮುರಿಯಿತು. ರಾತ್ರಿಯೆಲ್ಲ ಅಲ್ಲೇ ಇದ್ದೆ. ಹೇಗಿದ್ದೆ ಎಂದು ಬರೆಯುವುದೇನಿದೆ, ನೋವಿತ್ತು, ನರಳಿದೆ.

ಬೆಳಕು ಹರಿಯುವಾಗ ಅವಳೇ ಬಂದಳು. ನನ್ನನ್ನು ಸಂದಿಯಿಂದ ಎಳೆದು ಬೆನ್ನ ಮೇಲೆ ಹೊತ್ತುಕೊಂಡಳು. ಅವಳು ಆಗ ಕಡ್ಡಿಯ ಹಾಗಿದ್ದಳು. ಮೋಡ ಸರಿದಿತ್ತು, ದಾರಿ ಕಂಡಿತು. ನಡುನಡುವೆ ಇಳಿಸಿ, ಏದುಸಿರು ಬಿಟ್ಟು, ಮತ್ತೆ ಹೊತ್ತಳು.

“ನಾ ಕೂಗಿದೆ. ಕೇಳಲಿಲ್ಲೇನಲೇ?” ಅಂತ ಬೆನ್ನ ಮೇಲಿಂದಲೇ ಕೇಳಿದೆ.

“ಇಲ್ಲ ಯಕ್ಕಾ. ಗುಂಡಿನ ಆ ಕಡಿ ಇಳಿದು ದಿಕ್ಕ ತಪ್ತು. ಗಾಳಿ ಜೋರಿತ್ತು, ಏನೂ ಕೇಳ್ಲಿಲ್ಲ.”

ಕೆಳಗೆ ಹೊಲ ಕಾಣುವಾಗ ಅವಳು ನಿಂತಳು. “ಯಕ್ಕಾ, ರಾತ್ರಿ ಇಬ್ರೂ ಕೂಡೇ ಇದ್ವಿ ಅನ್ನು. ನಾ ಒಬ್ಬಾಕೀನ ಅಡವ್ಯಾಗ ಇದ್ದೆ ಅಂದ್ರ ಅಂವ ನನ್ನ ಒಳಗ ಸೇರ್ಸಲ್ಲ,” ಅಂದಳು.

ಅಂವ ಅಂದರೆ ಅವಳ ಗಂಡ. ಅವನಿಗೆ ಸಂಶಯದ ಬುದ್ಧಿ, ಓಣಿಗೆಲ್ಲ ಗೊತ್ತಿದ್ದದ್ದೇ. ಕೂಡೇ ಇದ್ದೆವು ಅಂತ ನಾನು ಅಂದೆ. ಅವನ ಎದುರಿಗೂ ಅಂದೆ, ಅವನ ಅವ್ವನ ಎದುರಿಗೂ ಅಂದೆ. ಆಮೇಲೆ ಅವಳಿಗೆ ಹೆಣ್ಣು ಕೂಸು ಹುಟ್ಟಿದಾಗ ಅವನು ಕುಡಿದು ಬಂದು ತಿಂಗಳು ಲೆಕ್ಕ ಹಾಕಿದ. ಆಗಲೂ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಅದೇ ಮಾತು ಅಂದೆ. ನನ್ನ ಆ ಮಾತೊಂದರ ಮೇಲೆ ಅವಳ ಬಾಳುವೆ ನಿಂತಿತ್ತು. ನನ್ನ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಎಲುಬು ಕೂಡಿತು, ನೆಟ್ಟಗೆ ಕೂಡಲಿಲ್ಲ. ಅಂದಿನಿಂದ ಕುಂಟುತ್ತೇನೆ.

ಇನ್ನೊಂದು ಹೇಳಬೇಕು. ನಮ್ಮ ಕಡೆ ಹೊತ್ತು ಮುಳುಗುವಾಗ ಅಡವಿಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಓ ಅನ್ನುವುದಿಲ್ಲ. ಎರಡನೇ ಸಲ ಕರೆದರೂ ಅನ್ನುವುದಿಲ್ಲ. ದೆವ್ವ ಗುರುತಿನವರ ದನಿಯಲ್ಲೇ ಕರೆಯುತ್ತದೆ, ಆದರೆ ಅದಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲ ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಮೂರನೇ ಕೂಗಿಗೆ ಓಗೊಡಬೇಕು, ಅದು ಮನುಷ್ಯರದು. ಇದು ನನಗೂ ಗೊತ್ತಿತ್ತು. ಆದರೆ ಅವತ್ತು ಕೂಗುವಾಗ ಅದು ನೆನಪೇ ಆಗಲಿಲ್ಲ. ಕೂಗುವವಳು ನಾನು. ನನ್ನ ದನಿ ನನಗೆ ದೆವ್ವದ ಹಾಗೆ ಕೇಳಿಸುವುದಿಲ್ಲವಲ್ಲ.

ಈಗ ಟಾಕೀಸಿಗೆ ಬರೋಣ.

ಪರದೆಯ ಮೇಲೆ ಹೊತ್ತು ಇಳಿದಿತ್ತು. ಒಬ್ಬ ಗೆಳೆಯ “ನೋಡ್ಕೊಂಡು ಬರ್ತೀನಿ” ಅಂತ ಹೋದ. ಇನ್ನೊಬ್ಬ ಕುಳಿತ. ಅವನು ಕುಳಿತದ್ದನ್ನೇ ತೋರಿಸಿದರು. ಇರುವೆಯೊಂದು ಅವನ ಬೂಟಿನ ಮೇಲೆ ಹತ್ತಿ ಇಳಿಯಿತು. ಗಂಡಸರ ಕಡೆ ಅರ್ಧ ಮಂದಿ ಎದ್ದು ಹೋಗಿದ್ದರು. ಉಳಿದವರು ಬೀಡಿ ಸೇದುತ್ತಾ ಇರುವೆಗೆ ಶಿಳ್ಳೆ ಹಾಕಿದರು. ಮುದುಕಿಗೆ ತೂಕಡಿಕೆ ಬಂದಿತ್ತು.

ಕುಳಿತವನು ಎದ್ದ. ಕೈಯನ್ನು ಬಾಯಿಗೆ ಹಿಡಿದು ಗೆಳೆಯನನ್ನು ಕೂಗಿದ. ಉತ್ತರ ಇಲ್ಲ. ಮತ್ತೆ ಕೂಗಿದ. ಆಗ ಇನ್ನೊಬ್ಬನನ್ನು ತೋರಿಸಿದರು. ದೂರವೇನಿಲ್ಲ, ಒಂದು ಗುಂಡಿನ ಹಿಂದೆ ಕುಳಿತಿದ್ದಾನೆ. ಕೂಗು ಅವನಿಗೆ ಕೇಳಿಸಿತು. ಮುಖ ಎತ್ತಿದ. ಬಾಯಿ ತೆರೆಯಲಿಲ್ಲ. ಯಾಕೆ ಅಂತ ಪಿಕ್ಚರಿನಲ್ಲಿ ಹೇಳಲಿಲ್ಲ. ಸುಮ್ಮನೆ ಅವನ ಮುಖವನ್ನೇ ತೋರಿಸಿದರು.

ಟಾಕೀಸು ಆಗ ಮಾತ್ರ ಗಪ್ಪಾಯಿತು.

ನನ್ನ ಗೆಳತಿ ಎದ್ದು ನಿಂತಳು. “ಇನ್ನೊಂದು ಸಲ ಕರಿಯೋ!” ಅಂತ ಚೀರಿದಳು. “ಎರಡೇ ಆಗ್ಯಾವು! ಮೂರನೇದು ಕರಿ, ಅಂವ ಅಲ್ಲೇ ಅದಾನ, ಅಂವಗ ಕೇಳೇತಿ!”

ಗಂಡಸರ ಕಡೆ ಹೋ ಅಂತ ನಗು. “ಕರೀಯೋ ತಮ್ಮಾ, ಅಕ್ಕ ಹೇಳ್ತಾಳ!” ಅಂದ ಯಾರೋ. ಮುದುಕಿ ಎಚ್ಚರಾಗಿ ಸೊಸೆಯ ಸೀರೆ ಹಿಡಿದು ಎಳೆದು ಕೂರಿಸಿದಳು.

ಪರದೆಯ ಮೇಲಿನವನು ಮೂರನೇ ಸಲ ಕರೆಯಲಿಲ್ಲ. ಬೇರೆ ಕಡೆ ನಡೆದು ಹೋದ. ಅಲ್ಲಿಗೆ ಲೈಟು ಹಾಕಿದರು. ಪಿಕ್ಚರು ಮುಗಿದಿತ್ತು. ಅವರು ಕೂಡಿದರೋ ಇಲ್ಲವೋ, ಸತ್ತರೋ ಉಳಿದರೋ, ಒಂದೂ ಇಲ್ಲ.

ಅವಳು ಎದ್ದು ನಿಂತಾಗಲೇ ನನಗೆ ಗೊತ್ತಾಗಿತ್ತು. ಎರಡು ಸಲ ಕೂಗಿದೆ ಅಂತ ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಕೂಗಿದೆ ಅಂದಿದ್ದೆ, ಅಷ್ಟೆ. ಆದರೂ ಪರದೆಯ ಮೇಲಿನವನಿಗೆ ಅವಳು ಹೇಳಿದ್ದು ಅವನ ಕೂಗಿನ ಲೆಕ್ಕವಲ್ಲ, ನನ್ನ ಕೂಗಿನದು. ಅವಳ ಕಣ್ಣು ನೋಡಿದವರಿಗೆ ಅದು ತಿಳಿಯುತ್ತಿತ್ತು, ನೋಡಿದವಳು ನಾನೊಬ್ಬಳೇ.

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಮುದುಕಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಗೇಟಿನವನ ಹತ್ತಿರ ನೆಟ್ಟಗೆ ಹೋದಳು.

“ದೇವರ ಎಲ್ಲಪ್ಪಾ? ಗ್ವಾಡಿ ಮ್ಯಾಲೆ ಹಚ್ಚೀರಲ್ಲ, ಒಳಗ ಎಲ್ಲೂ ಬರ್ಲೇ ಇಲ್ಲ?”

“ಅಮ್ಮಾ, ಅದು ನಾಳಿ ಐತಿ. ನಾಳಿ ಬರ್ರಿ.”

“ನಾಳಿ ಬರಾಕ ನಿಮ್ಮಪ್ಪ ಬಸ್‌ ಕಳಿಸ್ತಾನೇನು?”

ಅವಳು ಅಲ್ಲಿ ಜಗಳಾಡುವಾಗ ನಾನು ಗೆಳತಿಯನ್ನು ಗೋಡೆಯ ಮರೆಗೆ ಕರೆದುಕೊಂಡು ಹೋದೆ.

“ಕೇಳಿತ್ತು ನಿನಗ,” ಅಂದೆ.

ಅವಳು ಇಲ್ಲ ಅನ್ನಲಿಲ್ಲ. “ನೀ ಮೂರನೇ ಸಲ ಯಾಕ ಕರೀಲಿಲ್ಲ?” ಅಂತ ನನ್ನನ್ನೇ ಕೇಳಿದಳು.

“ನಾ ಯಾಕ ಮೂರು ಸಲ ಒದರ್ಬೇಕಲೇ? ಓ ಅನ್ನಾಕ ನಿನಗೇನು ಧಾಡಿ ಆಗಿತ್ತು?”

“ನಿನ್ನ ಬಿಟ್ಟು ಹೋಗಿದ್ದು ಆ ಕಡಿ, ದನಿ ಬಂದಿದ್ದು ಈ ಕಡಿ. ನೀ ಅಲ್ಲಿಂದ ಎದ್ದು ಬಂದೀ ಅಂತ ನಾ ಹೆಂಗ ತಿಳ್ಕಳ್ಳಿ? ಕುಂದ್ರು ಅಂದ್ರ ಕುಂದ್ರಬೇಕಿಲ್ಲ? ಮೂರನೇದು ಕರೀತಾಳೇನು, ಕರೀತಾಳೇನು ಅಂತ ಉಸಿರ ಹಿಡಕಂಡು ಕುಂತಿದ್ದೆ. ಕರೀಲೇ ಇಲ್ಲ. ದೆವ್ವನ ಅಂದ್ಕಂಡೆ.”

ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಕುಳಿತಿರುತ್ತಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಇಬ್ಬರೂ ನಕ್ಕು ಬಸ್ಸು ಹತ್ತಬಹುದಿತ್ತು. ಬಿಡಲಿಲ್ಲ.

“ರಾತ್ರೆಲ್ಲ ನರಳಿದ್ನಲ್ಲ. ಅದೂ ಕೇಳಿತ್ತೇನು?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಕೇಳ್ತು.”

“ದೆವ್ವ ನರಳ್ತೈತೇನು?”

“ಮೊದ್ಲು ದೆವ್ವ ಅಂದ್ಕಂಡೆ. ಆಮ್ಯಾಲೆ ನೀನ ಅಂತ ಗೊತ್ತಾತು.” ಅವಳು ನನ್ನ ಮುಖ ನೋಡಲಿಲ್ಲ. “ಕರಡಿ ಹಿಡದಾವು ನಿನ್ನ ಅಂದ್ಕಂಡೆ ಯಕ್ಕಾ. ನಾ ಬಾಯಿ ಬಿಟ್ರ ನನ್ನ ಕಡಿ ಬರ್ತಾವು ಅಂತ ಬಾಯಾಗ ಸೆರಗು ತುರುಕ್ಕಂಡು ಕುಂತೆ. ಬೆಳಕಾಗಲಿ, ಹೆಣ ಆದ್ರೂ ಒಯ್ದು ಮನಿ ಮುಟ್ಟಿಸ್ತೀನಿ ಅಂದ್ಕಂಡೆ.”

ಹೆಣ ಹೊರಲು ಬಂದವಳು ಜೀವ ಇರುವುದನ್ನು ನೋಡಿ ಹೊತ್ತಿದ್ದಳು. ಬೆನ್ನ ಮೇಲಿದ್ದಾಗ ಅವಳು ಅತ್ತದ್ದು ನನಗೆ ನೆನಪಾಯಿತು. ನನ್ನ ನೋವು ನೋಡಲಾರದೆ ಅಳುತ್ತಾಳೆ ಅಂತ ಇಷ್ಟು ವರ್ಷ ತಿಳಿದಿದ್ದೆ. ನನಗೆ ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಕೈ ಎತ್ತಲಿಲ್ಲ. ರಸ್ತೆಯ ಮೇಲಿದ್ದೆವು.

ಮುದುಕಿ ಗೇಟಿನವನಿಗೆ ಶಾಪ ಹಾಕಿ ಬಂದಳು. ಮೂವರೂ ಬಸ್ಸು ಹತ್ತಿದೆವು. ಮುದುಕಿ ನನ್ನ ಪಕ್ಕ ಕುಳಿತಳು, ಗೆಳತಿಗೆ ಮುಂದಿನ ಸೀಟು ಸಿಕ್ಕಿತು. ಅವಳ ಬೆನ್ನು ನನ್ನ ಎದುರಿಗೇ ಇತ್ತು.

ಊರು ದಾಟಿದ ಮೇಲೆ ಮುದುಕಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ದೇವರಿಲ್ಲದ ಸಿಟ್ಟು ಇಳಿದಿತ್ತು. ತಲೆ ಬೇರೆ ಕಡೆ ಓಡಿತ್ತು.

“ಯಾಕ ಹಂಗ ಒದರಿದ್ಲು ನನ್ನ ಸೊಸಿ? ಎರಡಾಗ್ಯಾವು, ಮೂರನೇದು ಕರಿ ಅಂತ?”

“ಪಿಕ್ಚರ್ ನೋಡಿ ಒದರ್ಯಾಳ ದೊಡ್ಡವ್ವ. ಎಲ್ರೂ ಒದರ್ತಿದ್ರು.”

“ಎಲ್ರೂ ಚ್ಯಾಷ್ಟಿಗೆ ಒದರಿದ್ರು. ಇಕಿ ಅಳಕಂತ ಒದರಿದ್ಲು.” ಮುದುಕಿ ಕಿಟಕಿಯಿಂದ ಉಗುಳಿ ಬಾಯಿ ಒರೆಸಿಕೊಂಡಳು. “ನನ್ನ ಮಗ ಇವತ್ತಿಗೂ ಆ ಮಾತು ಬಿಟ್ಟಿಲ್ಲ. ಕುಡಿದಾಗೊಮ್ಮೆ ತಗೀತಾನ. ನಾ ಅಂವನ ಬಾಯಿ ಮುಚ್ಚಿಸ್ತೀನಿ, ನಿನ್ನ ಮಾತಿನ ಮ್ಯಾಲೆ ಮುಚ್ಚಿಸ್ತೀನಿ. ಈಗ ನನಗೊಬ್ಬಾಕಿಗೇ ಹೇಳು. ಅವತ್ತು ಗುಡ್ಡದಾಗ ಇಬ್ರೂ ಕೂಡೇ ಇದ್ರ್ಯೋ, ಇಲ್ಲೋ?”

ಮುಂದಿನ ಸೀಟಿನಲ್ಲಿ ಬೆನ್ನು ಗಟ್ಟಿಯಾಯಿತು. ಕುತ್ತಿಗೆ ತಿರುಗಲಿಲ್ಲ.

ಇದನ್ನು ಮುಚ್ಚಿಟ್ಟು ದೊಡ್ಡವಳಾಗಲಾರೆ. ಇಲ್ಲ ಅನ್ನಬೇಕು ಅಂತಲೇ ಬಾಯಿಗೆ ಬಂದಿತ್ತು. ಒಂದು ಮಾತು, ಅದೂ ಖರೆ ಮಾತು. ಆ ಮಾತು ಆಡಿದರೆ ನಾಳೆ ಅವಳು ಮಗಳ ಕೈ ಹಿಡಿದು ಹಡಗಲಿ ಕಡೆಯ ತವರಿನ ಬಸ್ಸು ಹತ್ತುತ್ತಾಳೆ, ಅಲ್ಲಿ ಅಣ್ಣಂದಿರ ಹೆಂಡಿರು ಇವಳಿಗೆ ಒಲೆ ಮುಟ್ಟಗೊಡುವುದಿಲ್ಲ. ಅದೂ ಗೊತ್ತಿತ್ತು. ಬಸ್ಸು ಗುಂಡಿಯಲ್ಲಿ ಎತ್ತಿ ಹಾಕಿದಾಗ ಕಾಲು ಝುಂ ಅಂದಿತು. ಆ ಕಾಲು ನೋಡಿಕೊಂಡೆ. ಅವಳ ಬೆನ್ನು ನೋಡಿದೆ. ಆ ಬೆನ್ನು ಇಳಿಸಿ ತಂದದ್ದೂ ಸುಳ್ಳಲ್ಲ.

“ಕೂಡೇ ಇದ್ವಿ,” ಅಂದೆ. “ನಾ ನರಳ್ತಿದ್ನಿ. ರಾತ್ರೆಲ್ಲ ನನ್ನ ತಲಿ ತೊಡಿ ಮ್ಯಾಲೆ ಇಟ್ಕಂಡು ಕುಂತಿದ್ಲು ನಿನ್ನ ಸೊಸಿ. ಕಣ್ಣು ಮುಚ್ಚಲಿಲ್ಲ.”

ಅಷ್ಟು ಹೇಳುವ ಜರೂರಿರಲಿಲ್ಲ. ಅವಳಿಗೆ ಕೇಳಲಿ ಅಂತಲೇ ಹೇಳಿದೆ.

“ಹಂಗಾರ ಆತು,” ಅಂದಳು ಮುದುಕಿ. ಸ್ವಲ್ಪ ಹೊತ್ತಿಗೆ ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಮುಂದಿನ ಸೀಟಿನ ಭುಜಗಳು ಅಲುಗುತ್ತಿದ್ದವು. ಅಳು ಇರಬೇಕು, ಬಸ್ಸಿನ ಅಲುಗಾಟವೂ ಇರಬಹುದು. ನಾನು ಬಗ್ಗಿ ನೋಡಲು ಹೋಗಲಿಲ್ಲ.

ಕ್ರಾಸಿನಲ್ಲಿ ಇಳಿದೆವು. ಅಲ್ಲಿಂದ ಊರಿಗೆ ನಡೆಯಬೇಕು. ಮುದುಕಿ ಬಟ್ಟೆಯ ಗಂಟು ಬಗಲಲ್ಲಿ ಹಿಡಿದು ಬಿರಬಿರನೆ ಮುಂದೆ ಹೋದಳು. ನನ್ನ ಚೀಲದಲ್ಲಿ ಕೊಟ್ಟೂರಿನಲ್ಲಿ ಕೊಂಡ ಕಬ್ಬಿಣದ ಹಂಚಿತ್ತು, ಬೆಲ್ಲ ಇತ್ತು, ಭಾರವಿತ್ತು. ಗೆಳತಿ ಬಂದು ಚೀಲದ ಹಿಡಿಕೆಗೆ ಕೈ ಹಾಕಿದಳು.

“ಕೊಡು ಯಕ್ಕಾ. ನಿನ್ನ ಕಾಲು ನೋಯ್ತೈತಿ.”

“ನೋಯ್ಲಿ ಬಿಡು. ನನ್ನ ಕಾಲು.”

ಅವಳು ಹಿಡಿಕೆ ಬಿಡಲಿಲ್ಲ. ನಾನು ಎಳೆದುಕೊಂಡೆ. ಹಂಚಿನ ಅಂಚು ಅವಳ ಕೈಗೆ ಬಡಿಯಿತು, ಹಾ ಅಂದಳು. ಏನಾಯಿತು ಅಂತ ನಾನು ಕೇಳಲಿಲ್ಲ. ಕುಂಟುತ್ತಾ ನಡೆದೆ. ಅವಳು ಬಿರಬಿರನೆ ನಡೆದು ಅತ್ತೆಯನ್ನು ಕೂಡಿಕೊಳ್ಳಬಹುದಿತ್ತು, ಹೋಗಲಿಲ್ಲ. ನನ್ನ ನಡಿಗೆಗೆ ತಕ್ಕ ಹಾಗೆ ಹಿಂದೆ ಹಿಂದೆಯೇ ಬಂದಳು.

ಆ ವರ್ಷವೆಲ್ಲ ನಾನು ಅವಳ ಕೂಡ ಮಾತು ಬಿಟ್ಟೆ. ಮದುವೆಯ ಊಟಕ್ಕೆ ಹೋದೆ, ಉಂಡೆ, ಬಂದೆ. ಆಮೇಲೆ ಅವಳ ಗಂಡನೂ ಸತ್ತ, ಮುದುಕಿಯೂ ಸತ್ತಳು. ಸುಳ್ಳು ಯಾರ ಎದುರಿಗೆ ಹೇಳಿದ್ದೆನೋ ಅವರು ಯಾರೂ ಉಳಿಯಲಿಲ್ಲ. ಈಗ ಸಂಜೆ ಅವಳೂ ನಾನೂ ಒಂದೇ ಕಟ್ಟೆಯ ಮೇಲೆ ಕೂರುತ್ತೇವೆ, ಬೇಳೆ ಆರಿಸುತ್ತೇವೆ, ಸೊಸೆಯಂದಿರನ್ನು ಬೈಯುತ್ತೇವೆ. ಗುಡ್ಡ ಎದುರಿಗೇ ಕಾಣುತ್ತದೆ. ಅದರ ಮಾತು ಅವಳೂ ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ. ಕ್ಷಮಿಸಿದೆಯಾ ಅಂತ ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅವಳೂ ಕೇಳಿಲ್ಲ.